ಇಸ್ತಾಂಬುಲ್‌ನಲ್ಲಿ ಬಾಗಿಲಿಗೆ ಚೀಟಿ, ಬ್ಯಾಂಕಿಗೆ ಬೀಗ: ಕೊಡಬೇಕಿಲ್ಲದ ಬಾಕಿಗೆ ಏನು ಮಾಡೋದು?

ಕಡಿಕೊಯ್_ಮೈಸೂರು (ಭಾನುವಾರ, ರಾತ್ರಿ 9:40)

ಎಲ್ರಿಗೂ ನಮಸ್ಕಾರ. ಇಸ್ತಾಂಬುಲ್‌ಗೆ ಬಂದು ಮೂರು ವರ್ಷ ಆಯ್ತು, ಸಾಫ್ಟ್‌ವೇರ್ ಕೆಲಸ. ಮೊನ್ನೆ ಗುರುವಾರ ಬದನೆಕಾಯಿ ತಗೊಂಡು ಕಾರ್ಡ್ ಉಜ್ಜಿದ್ರೆ ದುಡ್ಡು ಹೋಗ್ಲಿಲ್ಲ. ಬ್ಯಾಂಕ್ ಆ್ಯಪ್ ತೆಗೆದು ನೋಡ್ತೀನಿ, ಖಾತೆ ಮೇಲೆ 'ಹಾಜಿಜ್' ಅಂತ ಬಿದ್ದಿದೆ. ಜಪ್ತಿ!

ಕಥೆ ಇಷ್ಟು. ಹಳೇ ಮನೆ ಮೇ 31ಕ್ಕೆ ಖಾಲಿ ಮಾಡ್ದೆ. ಬೀಗದ ಕೈ ಮಾಲೀಕರ ಮಗನ ಕೈಗೆ ಕೊಟ್ಟೆ. ಮಾಲೀಕರು ಈಗ ಜೂನ್, ಜುಲೈ, ಆಗಸ್ಟ್ ಬಾಡಿಗೆ ಬಾಕಿ ಅಂತ ತಿಂಗಳಿಗೆ 28,000ದ ಹಾಗೆ 84,000 ಲೀರಾ ಹಾಕಿದ್ದಾರೆ. ದಸರಾಕ್ಕೆ ನಾನು ಊರಲ್ಲಿದ್ದಾಗ ಹಳೇ ಮನೆ ಬಾಗಿಲಿಗೆ ಏನೋ ಚೀಟಿ ಅಂಟಿಸಿ ಹೋದ್ರಂತೆ. ಕೆಳಗಿನ ಮನೆಯ ಆಂಟಿ ಫೋಟೋ ಕಳಿಸಿದ್ರು. ಟರ್ಕಿಷ್ ಜಾಹೀರಾತು ಅಂದ್ಕೊಂಡು ಬಿಟ್ಟುಬಿಟ್ಟೆ.

ಕೋರ್ಟಿಗೆ ಕರೆಸದೆ, ಜಡ್ಜ್ ಮುಖವನ್ನೇ ತೋರಿಸದೆ ಖಾತೆ ಜಪ್ತಿ ಮಾಡೋಕೆ ಬರುತ್ತಾ? ಡಿಸೆಂಬರ್‌ನಲ್ಲಿ ತಂಗಿ ಮದುವೆ, ವಿಮಾನ ನಿಲ್ದಾಣದಲ್ಲಿ ಹಿಡಿದು ಕೂರಿಸಿಬಿಟ್ರೆ?

ಬಿಟ್ಟಾಕಿ_ಗುರು (ಭಾನುವಾರ, ರಾತ್ರಿ 9:58)

ಗುರು, ಕಟ್ಟಿ ಬಿಸಾಕು. ಪರದೇಶದಲ್ಲಿ ಕೋರ್ಟು ಕಚೇರಿ ಅಂತ ಅಲೆಯೋದಕ್ಕಿಂತ 84 ಸಾವಿರ ಹೋದ್ರೆ ಹೋಯ್ತು. ಆಮೇಲೆ ಬೇಕಾದ್ರೆ ವಾಪಸ್ ಕೇಳು.

ಅಂಕಾರಾ_ಸೊಸೆ (ಭಾನುವಾರ, ರಾತ್ರಿ 11:15)

ತಮ್ಮಾ, ಮೊದಲು ಉಸಿರು ಬಿಡು. ನಾನು ವಕೀಲೆ ಅಲ್ಲ. ಇಲ್ಲಿನ ವಕೀಲರ ಕಚೇರಿಯಲ್ಲಿ ಹತ್ತು ವರ್ಷದಿಂದ ಅನುವಾದ ಮಾಡ್ತಿದೀನಿ. ನಿನ್ನಂಥ ಕಡತ ತಿಂಗಳಿಗೆ ಎರಡಾದ್ರೂ ಬರುತ್ತೆ.

ವಿಮಾನದ ಚಿಂತೆ ಬಿಡು. ಖಾಸಗಿ ಸಾಲಕ್ಕೆ ಇಲ್ಲಿ ಯಾರೂ ದೇಶ ಬಿಡೋದನ್ನ ತಡೆಯಲ್ಲ. ಕರಾರಿನ ಬಾಕಿ ತೀರಿಸಲಿಲ್ಲ ಅಂತ ಯಾರ ಸ್ವಾತಂತ್ರ್ಯವನ್ನೂ ಕಿತ್ತುಕೊಳ್ಳಬಾರದು ಅಂತ ಸಂವಿಧಾನದ 38ನೇ ವಿಧಿಯಲ್ಲೇ ಇದೆ. ಆದ್ರೆ ಅದರಲ್ಲಿ ಒಂದು ಗುಂಡಿ ಇದೆ, ಕೊನೆಗೆ ಹೇಳ್ತೀನಿ.

ಜಡ್ಜ್ ಇಲ್ಲದೆ ಹೇಗೆ ಅಂದ್ರೆ: 1932ರ 2004ನೇ ನಂಬರಿನ ಕಾಯ್ದೆ ಅಂತ ಒಂದಿದೆ, ಜಾರಿ ಮತ್ತು ದಿವಾಳಿ ಕಾಯ್ದೆ. ಸ್ವಿಸ್ ಕಾನೂನನ್ನ ನೋಡಿ ಮಾಡಿದ್ದು. ಅದರ ಪ್ರಕಾರ ಯಾರು ಬೇಕಾದ್ರೂ ಇಜ್ರಾ ಕಚೇರಿಗೆ (ಇಜ್ರಾ ಅಂದ್ರೆ ಜಾರಿ, ವಸೂಲಿ ಮಾಡಿಸೋ ಕಚೇರಿ) ಹೋಗಿ 'ಇಂಥವನು ನನಗೆ ಇಷ್ಟು ಕೊಡಬೇಕು' ಅಂತ ಅರ್ಜಿ ಹಾಕಬಹುದು. ತೀರ್ಪು ಬೇಡ, ಕರಾರುಪತ್ರವೂ ಬೇಡ. ಕಚೇರಿಯವರು 'ನಿಜವಾ?' ಅಂತ ವಿಚಾರಿಸಲ್ಲ, ಪಾವತಿ ಆದೇಶ ಕಳಿಸ್ತಾರೆ. ಅದು ಕೈಗೆ ಬಂದ ಏಳು ದಿನದೊಳಗೆ 'ನಾನು ಕೊಡಬೇಕಿಲ್ಲ' ಅಂದ್ರೆ ಸಾಕು, ಕಾರಣವನ್ನೂ ಬರೆಯಬೇಕಿಲ್ಲ, ಎಲ್ಲ ಅಲ್ಲಿಗೇ ನಿಲ್ಲುತ್ತೆ. ಆಮೇಲೆ ಕೋರ್ಟಿಗೆ ಹೋಗೋ ತಲೆನೋವು ಕೇಳಿದವನದು: ಒಂದು ವರ್ಷದೊಳಗೆ ತಕರಾರು ರದ್ದತಿಗೆ ದಾವೆ ಹಾಕಬೇಕು. ಕೈಯಲ್ಲಿ ಸಹಿ ಒಪ್ಪಿದ ಪತ್ರವಿದ್ರೆ ಆರು ತಿಂಗಳಲ್ಲಿ ಇಜ್ರಾ ಕೋರ್ಟಿಗೆ ಹೋಗಬಹುದು.

ಏಳು ದಿನ ಸುಮ್ಮನಿದ್ರೆ ಮಾತ್ರ ಸುಳ್ಳು ಬಾಕಿಯೂ ವಸೂಲಿಯ ಮಟ್ಟಿಗೆ ನಿಜವೇ ಆಗಿಬಿಡುತ್ತೆ. ನಿನಗಾಗಿರೋದು ಅದೇ.

ಇದಕ್ಕೆ ಉತ್ತರ ಕೊಡು: ಮನೆ ಬದಲಾಯಿಸಿದ್ಮೇಲೆ ನುಫುಸ್ (ಜನಸಂಖ್ಯಾ ನೋಂದಣಿ) ಕಚೇರೀಲಿ ವಿಳಾಸ ಬದಲಾಯಿಸಿದ್ಯಾ?

ಕಡಿಕೊಯ್_ಮೈಸೂರು (ಭಾನುವಾರ, ರಾತ್ರಿ 11:21)

ಇಲ್ಲ ಅಕ್ಕ 😬 ನಾಳೆ ನಾಳೆ ಅಂತ ಉಳಿದುಹೋಯ್ತು.

ಧಾರವಾಡ_ವಕೀಲ (ಸೋಮವಾರ, ಬೆಳಿಗ್ಗೆ 6:30)

ಭಾಳ ಚಲೋ ವಿಷಯ ತಗದೀರಿ. ನಾಲ್ವತ್ತು ವರ್ಷ ಇಲ್ಲೆ ಸಿವಿಲ್ ಕೋರ್ಟಿನ್ಯಾಗ ಕರಿ ಕೋಟು ಸವಸೀನಿ, ಆದ್ರ ಜಡ್ಜ್ ಇಲ್ಲದ ಜಪ್ತಿ ನೋಡಿಲ್ಲ. ನಮ್ಮಲ್ಲಿ ಭಾಳ ಅಂದ್ರ ಸಿಪಿಸಿ (ಸಿವಿಲ್ ಪ್ರಕ್ರಿಯಾ ಸಂಹಿತೆ) 37ನೇ ಆರ್ಡರಿನ ಸಮರಿ ದಾವೆ. ಅದರಾಗೂ ಸಮನ್ಸ್ ಮುಟ್ಟಿದ ಹತ್ತು ದಿನದಾಗ ಹಾಜರಾತಿ ಹಾಕಬೇಕು, ಇಲ್ಲಾಂದ್ರ ಡಿಕ್ರಿ. ಖರೆ, ಡಿಕ್ರಿ ಕೊಡಾಂವ ಒಬ್ಬ ನ್ಯಾಯಾಧೀಶ ಇರ್ತಾನ.

ಇನ್ನೊಂದು ಮಜಾ ನೋಡ್ರಿ. ತಂಗೀ, ಅವರ ಕೋರ್ಟಿನ ಶಬ್ದ ನನಗ ಪರಕೀ ಅನಸಲಿಲ್ಲ. ಅವರ 'ದಾವಾ' ನಮ್ಮ ದಾವೆ. ಅವರ 'ವೆಕಾಲೆತ್' ನಮ್ಮ ವಕಾಲತ್ತು. 'ಸೆನೆತ್' ಅಂದ್ರ ಸನದು, 'ಕಿರಾ' ಅಂದ್ರ ಕಿರಾಯಿ. ಅವರ 'ಇಜ್ರಾ', ನಮ್ಮ ಅಮಲ್‌ಜಾರಿಯೊಳಗಿನ 'ಜಾರಿ', ಎರಡೂ ಒಂದ ಅರಬ್ಬಿ ಬೇರಿನ ಕುಡಿ. ಈ ಹುಡುಗ ಇರೋ ಕಡಿಕೊಯ್ ಅಂದ್ರೂ ಕಾಜಿಯ ಹಳ್ಳಿನ. ನ್ಯಾಯಾಧೀಶನ ಹಳ್ಳಿಯೊಳಗ ನ್ಯಾಯಾಧೀಶ ಇಲ್ಲದ ಜಪ್ತಿ!

ಅಂಕಾರಾ_ಸೊಸೆ (ಸೋಮವಾರ, ಮಧ್ಯಾಹ್ನ 1:05)

ವಕೀಲ್ ಕಾಕಾ, ಇನ್ನೊಂದು ಬಿಟ್ರಿ: ವಸೂಲಿ ಮೇಲೆ ಸರ್ಕಾರ ಹಿಡಿಯೋ ಶುಲ್ಕ 'ತಹ್ಸಿಲ್ ಹಾರ್ಜಿ'. ತಹಶೀಲ್ದಾರ್ರ ತಹಶೀಲು, ನಮ್ಮ ಖರ್ಚು, ಎರಡೂ ಅದರಲ್ಲೇ ಇವೆ. ಜಪ್ತಿಗೆ ಮುಂಚೆ ಕಟ್ಟಿದ್ರೆ ನೂರಕ್ಕೆ 4.55, ಜಪ್ತಿ ಆದ್ಮೇಲೆ 9.10.

ಈಗ ತಮ್ಮನ ವಿಷಯ. ವಿಳಾಸ ಬದಲಾಯಿಸದೇ ಇದ್ದದ್ದೇ ಏಟು. ಮೊದಲ ಲಕೋಟೆ ವಾಪಸ್ಸಾದ್ರೆ ಎರಡನೇದನ್ನ ನೋಂದಣಿಯಲ್ಲಿರೋ ವಿಳಾಸಕ್ಕೆ ಕಳಿಸ್ತಾರೆ. ನೀನು ಅಲ್ಲಿಂದ ಹೊರಟು ಯುಗ ಆಗಿದ್ರೂ ಸರಿ, ಪೋಸ್ಟಿನವನು ಕಾಗದವನ್ನ ಆ ಮೊಹಲ್ಲಾದ ಮುಹ್ತಾರ್ ಹತ್ತಿರ ಕೊಟ್ಟು ಬಾಗಿಲಿಗೆ ಚೀಟಿ ಅಂಟಿಸಿದ್ರೆ ಆ ದಿನವೇ ಆದೇಶ ನಿನ್ನ ಕೈಸೇರಿದ ಹಾಗೆ. ಮುಹ್ತಾರ್ ಅಂದ್ರೆ ಮೊಹಲ್ಲಾದ ಚುನಾಯಿತ ಮುಖ್ಯಸ್ಥ. ನೀನು ಅಲ್ಲಿಲ್ಲ ಅಂತ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರೋದು ಮಾಲೀಕರಿಗೇ, ಚೀಟಿ ಅಂಟಿಸಿದ್ದೂ ಅವರದೇ ಬಾಗಿಲಿಗೆ! ಆದ್ರೂ ನಡೆಯುತ್ತೆ.

ಇಷ್ಟಾದ್ರೂ ಸರ್ಕಾರದ ಆನ್‌ಲೈನ್ ತಾಣ ಇ-ದೇವ್ಲೆತ್‌ನಿಂದ ಕಡತದೊಳಗೆ ಹೋಗಿ ನೋಡು: ಸಾಮಾನ್ಯ ಲಕೋಟೆ ಒಂದು ಸಲ ಹೋಗಿ ವಾಪಸ್ ಬಂದಿದೆಯಾ, ಇಲ್ಲ ನೇರವಾಗಿ ಮುಹ್ತಾರ್‌ಗೇ ಕಳಿಸಿದ್ದಾರಾ? ನೇರವಾಗಿ ಕಳಿಸಿದ್ರೆ ಆದೇಶ ತಲುಪಿಸಿದ್ದೇ ಕ್ರಮಬದ್ಧ ಅಲ್ಲ ಅಂತ ಇಜ್ರಾ ಕೋರ್ಟಿನಲ್ಲಿ ದೂರು ಹಾಕಬಹುದು. ನಿನಗೆ ತಿಳಿದ ದಿನದಿಂದ ಏಳು ದಿನ. ಗುರುವಾರ ತಿಳಿಯಿತು ಅಂದ್ಯಲ್ಲ, ಇನ್ನು ಕೆಲವೇ ದಿನ ಉಳಿದಿದೆ. ಜೊತೆಯಲ್ಲೇ ಕಚೇರಿಗೆ ತಕರಾರನ್ನೂ ಕೊಟ್ಟುಬಿಡು.

'ತಡವಾದ ತಕರಾರು' ಅಂತ ಇನ್ನೊಂದಿದೆ. ಆದೇಶ ಸರಿಯಾಗೇ ತಲುಪಿದೆ, ಆದ್ರೆ ತನ್ನ ತಪ್ಪಿಲ್ಲದೆ ತಕರಾರು ಹಾಕಲಾಗಲಿಲ್ಲ ಅನ್ನುವವರಿಗೆ. ಆಸ್ಪತ್ರೆಯಲ್ಲಿ ಎಚ್ಚರ ತಪ್ಪಿ ಮಲಗಿದ್ದವರ ಥರ. ಅಡ್ಡಿ ತೀರಿದ ಮೂರು ದಿನದೊಳಗೆ ಹಾಕಬೇಕು. ವಿಳಾಸ ಬದಲಾಯಿಸದೆ ದಸರಾ ನೋಡ್ತಿದ್ದೆ ಅಂದ್ರೆ ಜಡ್ಜ್ ಮುಗುಳ್ನಗಬಹುದು, ಅಷ್ಟೆ.

ಕಡಿಕೊಯ್_ಮೈಸೂರು (ಸೋಮವಾರ, ಸಂಜೆ 7:48)

ನೋಡ್ದೆ ಅಕ್ಕ. ಲಕೋಟೆ ಒಂದು ಸಲ ವಾಪಸ್ ಬಂದಿದೆ. ಎರಡನೇ ಸಲ ಮುಹ್ತಾರ್. ಎಲ್ಲ ಅಚ್ಚುಕಟ್ಟು. ಹಾಗಾದ್ರೆ ಬಾಗಿಲು ಮುಚ್ಚಿತಾ? ಕಟ್ಟಿ ಬಿಸಾಕು ಅಂದ ಗುರುವಿನ ಮಾತೇ ಸರಿಯಾ?

ಇಜ್ಮಿರ್_ಪಿಎಚ್‌ಡಿ (ಸೋಮವಾರ, ರಾತ್ರಿ 10:10)

ನಾನು ಕಟ್ಟಿ ಬಿಸಾಕಿದವನೇ, ಕೇಳಿ. ಯಾರೋ ನನ್ನ ಪಾಸ್‌ಪೋರ್ಟ್ ಪ್ರತಿ ಇಟ್ಟು ಫೋನ್ ಸಂಪರ್ಕ ತಗೊಂಡಿದ್ರು. ಬಾಕಿ ನನ್ನ ಹೆಸರಿಗೆ ಬಂತು, 9,400 ಲೀರಾ. ವಾಸದ ಪರವಾನಗಿ ನವೀಕರಣ ಹತ್ತಿರ ಇತ್ತು, ಹೆದರಿ ಇಜ್ರಾ ಕಚೇರಿಯ ಖಜಾನೆಗೇ ಕಟ್ಟಿದೆ. (ಇದಕ್ಕೂ ಪರವಾನಗಿಗೂ ಸಂಬಂಧವೇ ಇರಲಿಲ್ಲ ಅಂತ ಆಮೇಲೆ ಗೊತ್ತಾಯ್ತು.)

ನನ್ನದು ಗ್ರಾಹಕ ವ್ಯವಹಾರ, ಮೊತ್ತವೂ ಸಣ್ಣದು. ಹಾಗಾಗಿ ಕೋರ್ಟಿನ ಬದಲು ಗ್ರಾಹಕರ ಪಂಚಾಯ್ತಿ ಸಮಿತಿಗೆ ಹೋಗೋದು. ಅದರ ಮಿತಿ ವರ್ಷ ವರ್ಷ ಏರುತ್ತೆ, 2024ರಲ್ಲಿ 1,04,000 ಇದ್ದದ್ದು 2025ಕ್ಕೆ 1,49,000 ಲೀರಾ ಆಯ್ತು. ಅರ್ಜಿ ಇ-ದೇವ್ಲೆತ್‌ನಲ್ಲೇ, ಶುಲ್ಕ ಇಲ್ಲ. ಸಹಿ ಮಾಡಿದ ಕರಾರಿನ ಮೂಲಪ್ರತಿ ತನ್ನಿ ಅಂತ ಸಮಿತಿ ಕೇಳಿತು. ಕಂಪನಿಯವರು ಫೋಟೋಕಾಪಿ ಕಳಿಸಿದ್ರು, ಅದರಲ್ಲಿ ನನ್ನ ಹೆಸರಿನ ಸ್ಪೆಲ್ಲಿಂಗೇ ತಪ್ಪು. ಹಣ ವಾಪಸ್ ಕೊಡಿ ಅಂತ ಆದೇಶ ಆಯ್ತು. ಆದ್ರೂ ಕೊಡಲಿಲ್ಲ. ಸಮಿತಿಯ ಆದೇಶ ಕೋರ್ಟ್ ತೀರ್ಪಿನ ಹಾಗೇ ಜಾರಿ ಆಗುತ್ತಲ್ಲ, ಅದೇ ಇಜ್ರಾ ಕಚೇರಿಗೆ ಹೋಗಿ ಈ ಸಲ ನಾನೇ ಸಾಲಗಾರನ ಎದುರು ಪಕ್ಷವಾಗಿ ನಿಂತೆ. ಗುಮಾಸ್ತ ನನ್ನ ಗುರುತು ಹಿಡಿದು ನಕ್ಕ. ಕೊನೆಗೆ ಹಣ ವಾಪಸ್ ಬಂತು.

ಬಿಟ್ಟಾಕಿ_ಗುರು (ಸೋಮವಾರ, ರಾತ್ರಿ 10:22)

ನೋಡಿದ್ರಾ, ಕಟ್ಟಿದ್ರೂ ವಾಪಸ್ ಬಂತು. ನಾನು ಹೇಳಿದ್ದೇ ಅದು 😎

ಅಂಕಾರಾ_ಸೊಸೆ (ಮಂಗಳವಾರ, ಬೆಳಿಗ್ಗೆ 9:30)

ಗುರುಗಳೇ, ಬಂತು ನಿಜ. ಯಾಕೆ ಬಂತು ಅನ್ನೋದು ಕೇಳಿ. ಅವರು ಕಟ್ಟಿದ್ದು ಇಜ್ರಾ ಖಜಾನೆಗೆ, ಜಾರಿಯ ಬೆದರಿಕೆಗೆ. ಅದೇ ಹಣವನ್ನ ನೇರವಾಗಿ ಕಂಪನಿ ಖಾತೆಗೆ, ಯಾವ ಪ್ರಕ್ರಿಯೆಯೂ ಇಲ್ಲದಿದ್ದಾಗ, 'ಪೀಡೆ ತೊಲಗಲಿ' ಅಂತ ಹಾಕಿದ್ದಿದ್ರೆ ದಾರಿಯೇ ಬೇರೆ.

ತಮ್ಮಾ, ನೀನು ನಿಂತಿರೋ ಜಾಗವೂ ಇದೇ, ಗಮನ ಇಟ್ಟು ಓದು. ಒಂದೇ ಸುಳ್ಳು ಬಾಕಿಯನ್ನ ಎರಡು ರೀತಿ ಕಟ್ಟಬಹುದು.

ಸುಮ್ಮನೆ ಮನಸ್ಸಾರೆ ಕಟ್ಟಿದೆ ಅಂತಿಟ್ಕೋ. ಆಗ 6098ನೇ ಬಾಧ್ಯತಾ ಕಾಯ್ದೆಯ (2012ರ ಜುಲೈ 1ರಿಂದ ಜಾರಿಯಲ್ಲಿದೆ) 77ನೇ ವಿಧಿಯಿಂದ ಮುಂದಿನದು, ಕಾರಣವಿಲ್ಲದೆ ಲಾಭ ಮಾಡಿಕೊಂಡವನಿಂದ ಹಿಂದಕ್ಕೆ ಪಡೆಯೋದು. 78ರ ಪ್ರಕಾರ 'ಕೊಡಬೇಕು ಅಂತ ತಪ್ಪು ತಿಳಿದು ಕೊಟ್ಟೆ' ಅನ್ನೋದನ್ನ ನೀನೇ ರುಜುವಾತು ಮಾಡಬೇಕು. ಕೊಡಬೇಕಿಲ್ಲ ಅಂತ ಗೊತ್ತಿದ್ದೂ ಕೊಟ್ಟೆ ಅಂದ್ರೆ ಕೈಗೆ ಏನೂ ಸಿಗಲ್ಲ. ನೀನು ಇಲ್ಲಿ ಇಷ್ಟುದ್ದ ಬರೆದ ಮೇಲೆ ತಪ್ಪು ತಿಳಿದಿದ್ದೆ ಅಂತ ಹೇಳೋಕಾಗುತ್ತಾ? ಕಾಲಮಿತಿ: ಹಕ್ಕು ತಿಳಿದ ದಿನದಿಂದ ಎರಡು ವರ್ಷ, ಏನೇ ಆದ್ರೂ ಹತ್ತು ವರ್ಷ. ಕಾಲಮಿತಿ ಮೀರಿದ ಹಳೇ ಸಾಲವನ್ನ ತೀರಿಸಿ ಆಮೇಲೆ ವಾಪಸ್ ಕೇಳಿದ್ರೂ ಸಿಗಲ್ಲ.

ತಕರಾರು ಹಾಕದೆ ಜಾರಿಗೆ ಸಿಕ್ಕಿ ಅನಿವಾರ್ಯವಾಗಿ ಪೂರ್ತಿ ಕಟ್ಟಿದೆ ಅಂತಿಟ್ಕೋ. ಆಗ ಜಾರಿ ಕಾಯ್ದೆಯ 72ನೇ ವಿಧಿ, 'ಇಸ್ತಿರ್ದಾತ್', ಅಂದ್ರೆ ಕಟ್ಟಿದ ಹಣ ವಾಪಸ್ ಕೇಳೋ ದಾವೆ. ತಪ್ಪು ತಿಳಿದಿದ್ದೆ ಅಂತ ತೋರಿಸಬೇಕಿಲ್ಲ, ಆ ಹಣ ಕೊಡಬೇಕಿರಲಿಲ್ಲ ಅಂತ ತೋರಿಸಿದ್ರೆ ಆಯ್ತು. ಗಡುವು ಮಾತ್ರ ಕಟ್ಟಿದ ದಿನದಿಂದ ಬರೀ ಒಂದು ವರ್ಷ.

ಎರಡಕ್ಕೂ ಮುಂಚಿನದು 'ಮೆನ್ಫಿ ತೆಸ್ಪಿತ್', ನಾನು ಸಾಲಗಾರನಲ್ಲ ಅಂತ ಘೋಷಿಸಿ ಅನ್ನೋ ದಾವೆ. ಹಣ ಇನ್ನೂ ಕೈಬಿಟ್ಟಿಲ್ಲದವರಿಗೆ, ಅಂದ್ರೆ ನಿನಗೆ. ಇದು ನಡೆಯುವಾಗಲೇ ಹಣ ವಸೂಲಾಗಿಹೋದ್ರೆ ದಾವೆ ತಾನಾಗಿ ಇಸ್ತಿರ್ದಾತ್ ಆಗಿ ಮುಂದುವರಿಯುತ್ತೆ, ಹೊಸದು ಹಾಕಬೇಕಿಲ್ಲ.

ಧಾರವಾಡ_ವಕೀಲ (ಮಂಗಳವಾರ, ಬೆಳಿಗ್ಗೆ 10:15)

ನಮ್ಮ 1872ರ ಕರಾರು ಕಾಯ್ದೆಯ 72ನೇ ಕಲಮಿನಾಗ ತಪ್ಪು ತಿಳದು ಕೊಟ್ಟದ್ದು, ಒತ್ತಾಯಕ್ಕ ಕೊಟ್ಟದ್ದು ಎರಡನ್ನೂ ಒಂದ ಸಾಲಿನ್ಯಾಗ ಮುಗಿಸ್ಯಾರ. ಅವರದು ಎರಡು ಕಾಯ್ದೆ, ಎರಡು ಗಡುವು. ನಂಬರ್ ಮಾತ್ರ ಅಲ್ಲೂ 72, ಇಲ್ಲೂ 72!

ತಂಗೀ, ಮೆನ್ಫಿ ತೆಸ್ಪಿತ್ ಹಾಕಿದ ಕೂಡಲೆ ಜಪ್ತಿ ನಿಲ್ತದೇನು?

ಅಂಕಾರಾ_ಸೊಸೆ (ಮಂಗಳವಾರ, ಮಧ್ಯಾಹ್ನ 12:50)

ಇಲ್ಲ ಕಾಕಾ. ಜಾರಿ ಶುರುವಾಗೋಕೆ ಮುಂಚೆ ದಾವೆ ಹಾಕಿದ್ರೆ ಕೋರ್ಟು ಶೇಕಡ 15ಕ್ಕೆ ಕಡಿಮೆಯಿಲ್ಲದ ಭದ್ರತೆ ತಗೊಂಡು ಜಾರಿಯನ್ನೇ ನಿಲ್ಲಿಸಬಹುದು. ಶುರುವಾದ ಮೇಲೆ ಹಾಕಿದ್ರೆ ಜಾರಿ ನಿಲ್ಲಲ್ಲ. ಅದೇ 15ರ ಭದ್ರತೆಗೆ ಕೋರ್ಟು ಇಷ್ಟು ಮಾಡುತ್ತೆ: ಖಜಾನೆಗೆ ಬಂದ ಹಣವನ್ನ ದಾವೆ ಮುಗಿಯೋ ತನಕ ಎದುರು ಪಕ್ಷಕ್ಕೆ ಕೊಡಬೇಡಿ ಅಂತ ತಡೆಯಾಜ್ಞೆ. ನಮ್ಮ ಹುಡುಗನ ಲೆಕ್ಕದಲ್ಲಿ 12,600 ಲೀರಾ ಇಡಬೇಕು. ದಾವೆ ಶುಲ್ಕ ಸಾವಿರಕ್ಕೆ 68.31ರ ಹಾಗೆ, ಅದರಲ್ಲಿ ಕಾಲು ಭಾಗ ಮುಂಗಡ, ಸುಮಾರು 1,435.

ಆಮೇಲೆ ಜೂಜು. ತಡೆಯಾಜ್ಞೆ ತಗೊಂಡು ಸೋತ್ರೆ ಎದುರು ಪಕ್ಷಕ್ಕೆ ಕನಿಷ್ಠ ಶೇಕಡ 20 ಪರಿಹಾರ ತೆರಬೇಕು, ನಿನಗೆ 16,800. ಗೆದ್ದು, ಮಾಲೀಕರು ಗೊತ್ತಿದ್ದೇ ಕೆಟ್ಟ ಬುದ್ಧಿಯಿಂದ ಹಾಕಿದ್ರು ಅಂತ ಸಾಬೀತಾದ್ರೆ ಅಷ್ಟೇ ಅವರು ನಿನಗೆ. ಗೆದ್ದ ಮಾತ್ರಕ್ಕೆ ಸಿಗಲ್ಲ, ಕೆಟ್ಟ ಬುದ್ಧಿ ತೋರಿಸಬೇಕು. ಈ ತಕ್ಕಡಿ ಸಾಲ ಕೇಳುವವರ ಕಡೆಗೇ ವಾಲಿದೆ ಅಂತ ನನ್ನ ಅನಿಸಿಕೆ. ನನ್ನ ಯಜಮಾನರು (ಅವರು ವಕೀಲರು) ಒಪ್ಪಲ್ಲ. ಊಟದ ಹೊತ್ತಿಗೆ ಸುಮಾರು ಸಲ ಜಗಳ ಆಗಿದೆ.

ಮಾರ್ಬಲ್_ಮಾರಾಯ (ಮಂಗಳವಾರ, ರಾತ್ರಿ 8:35)

ಏಳು ದಿನ ಸಿಕ್ಕಿದ ನೀವು ಪುಣ್ಯವಂತರು ಮಾರಾಯ್ರೆ. ನನಗೆ ಸಿಕ್ಕಿದ್ದು ಐದು!

ನಾನು ಮಂಗಳೂರಿನವ, ಅಫ್ಯೋನ್ ಕಡೆಯಿಂದ ಮಾರ್ಬಲ್ ತರಿಸ್ತಿದ್ದೆ. ಅಫ್ಯೋನ್ ಅಂದ್ರೆ ಅಫೀಮು. ಗಸಗಸೆ, ಮಾರ್ಬಲ್ ಎರಡಕ್ಕೂ ಆ ಊರು ಹೆಸರುವಾಸಿ. ಚಹಾ ಕುಡಿತಾ ಒಬ್ಬ ಪಾರ್ಟಿ 'ಅಬಿ (ಅಣ್ಣಾ), ಬರೀ ಭದ್ರತೆಗೆ' ಅಂತ ಒಂದು ಸೆನೆತ್‌ಗೆ ಸಹಿ ಹಾಕಿಸಿಕೊಂಡ. ನಮ್ಮ ಪ್ರೊನೋಟು ಇದ್ದ ಹಾಗೆ. ಮೊತ್ತ, ದಿನಾಂಕ ಖಾಲಿ. ಲೋಡು ಬಂತು, ದುಡ್ಡು ಪೂರ್ತಿ ಕೊಟ್ಟೆ, ಸೆನೆತ್ ವಾಪಸ್ ಕೇಳಲಿಕ್ಕೆ ಮರೆತೆ. ಎರಡು ವರ್ಷ ಕಳೆದು ಅದನ್ನು ತುಂಬಿಸಿ ಹಾಕಿದ. ಸೆನೆತ್ ಮೇಲಿನ ಜಾರಿ ಬೇರೆ ರೀತಿಯದ್ದು. ತಕರಾರು ಐದು ದಿನದಲ್ಲಿ, ಅದೂ ಕಚೇರಿಗಲ್ಲ, ಇಜ್ರಾ ಕೋರ್ಟಿಗೆ. ಹಾಕಿದರೂ ಹರಾಜು ಮಾತ್ರ ನಿಲ್ತದೆ, ಬೇರೆ ಎಲ್ಲ ನಡೀತಾ ಇರ್ತದೆ.

ನಾನೂ ಮೆನ್ಫಿ ತೆಸ್ಪಿತ್ ಹಾಕಿದೆ. ವ್ಯಾಪಾರದ ವ್ಯಾಜ್ಯದಲ್ಲಿ ಈ ದಾವೆಗೂ 2023 ಸೆಪ್ಟೆಂಬರ್ 1ರಿಂದ ಮೊದಲು ಮಧ್ಯಸ್ಥಿಕೆ ಕಡ್ಡಾಯ, ಅಲ್ಲಿ ಬಗೆಹರಿಯಲಿಲ್ಲ. ಕೋರ್ಟಿನಲ್ಲಿ ನಮ್ಮ ಇಬ್ಬರು ಡ್ರೈವರುಗಳನ್ನು ಸಾಕ್ಷಿಗೆ ಕರೆಸ್ತೇನೆ ಅಂದೆ. ವಕೀಲೆ ತಲೆ ಅಲ್ಲಾಡಿಸಿದಳು. ಬರಹಕ್ಕೆ ಎದುರು ಬರಹವೇ ಬೇಕಂತೆ, 6100ನೇ ಸಿವಿಲ್ ಪ್ರಕ್ರಿಯಾ ಕಾಯ್ದೆಯ 201ನೇ ವಿಧಿ. ಸೆನೆತ್ ಮೇಲೆ 'ಇಂಥ ಕರಾರಿನ ಭದ್ರತೆಗೆ' ಅಂತ ಒಂದು ಗೆರೆ ಇದ್ದಿದ್ದರೆ, ಇಲ್ಲ ಕರಾರಿನಲ್ಲಿ ಆ ಸೆನೆತ್‌ನ ಪ್ರಸ್ತಾಪ ಬಂದಿದ್ದರೆ ಬಚಾವ್ ಆಗ್ತಿದ್ದೆ. ಸಹಿ ನನ್ನದೇ ಅಲ್ವಾ, ಏನು ಹೇಳುವುದು?

ಕಡಿಕೊಯ್_ಮೈಸೂರು (ಮಂಗಳವಾರ, ರಾತ್ರಿ 9:02)

ಅಯ್ಯೋ ಅಣ್ಣ. ಹಾಗಾದ್ರೆ ನನ್ನ ಕೇಸಲ್ಲೂ ಸಾಕ್ಷಿ ನಡೆಯಲ್ವಾ? ಬೀಗದ ಕೈ ಕೊಟ್ಟಿದ್ದಕ್ಕೆ ಬರಹ ಏನೂ ಇಲ್ಲ. ವಾಟ್ಸಾಪ್‌ನಲ್ಲಿ ಮಾಲೀಕರ ಮಗನ ಒಂದು ಸಾಲು ಇದೆ, 'ಆನಾಹ್ತಾರ್ ಬೆಂದೆ'. ಕೀಲಿ ನನ್ನ ಹತ್ರ ಇದೆ ಅಂತ. ಮೇ 31, ಸಂಜೆ 6:12.

ಅಂಕಾರಾ_ಸೊಸೆ (ಮಂಗಳವಾರ, ರಾತ್ರಿ 9:20)

ಇದನ್ನ ಮೊದಲ ದಿನವೇ ಹೇಳೋದಲ್ವಾ!! ಆ ಫೋನ್ ಜೋಪಾನ. ಸ್ಕ್ರೀನ್‌ಶಾಟ್ ಸಾಲದು, ಮೂಲ ಸಂದೇಶ ಅಳಿಸಬೇಡ.

ಮಾರಾಯಣ್ಣನದು ಸೆನೆತ್, ಅದು ತಾನೇ ಸಾಲ ಹೇಳುತ್ತೆ, ಇಲ್ಲ ಅಂತ ತೋರಿಸೋ ಭಾರ ಅವರದು. ನಿನ್ನ ಬೆನ್ನಿಗೆ ಅಂಥದ್ದಿಲ್ಲ. ಮೆನ್ಫಿ ತೆಸ್ಪಿತ್‌ನಲ್ಲಿ ದಾವೆ ಹಾಕಿದವನು ನೀನಾದ್ರೂ, ಸಾಲ ಹುಟ್ಟಿದೆ ಅಂತ ತೋರಿಸಬೇಕಾದವರು ಸಾಮಾನ್ಯವಾಗಿ ಎದುರು ಪಕ್ಷ. ಆದ್ರೆ ಕೀಲಿ ಒಪ್ಪಿಸಿದ್ದನ್ನ ತೋರಿಸೋದು ಬಾಡಿಗೆದಾರನ ಪಾಲು. ಎದುರು ಪಕ್ಷದಿಂದಲೇ ಬಂದ ಇಂಥ ಸಂದೇಶವನ್ನ ಕೋರ್ಟು 'ಪುರಾವೆಯ ಆರಂಭ' ಅಂತ ತಗೊಂಡ್ರೆ ಕೆಳಗಿನ ಮನೆ ಆಂಟಿಯ ಸಾಕ್ಷಿಗೂ ದಾರಿ ತೆರೆಯುತ್ತೆ. ಸಂದೇಶ ಬಂದಿದ್ದು ಮಗನಿಂದ ತಾನೇ, ಅಪ್ಪನ ಪರವಾಗಿ ಅವನೇ ವ್ಯವಹರಿಸ್ತಿದ್ದ ಅನ್ನೋದಕ್ಕೂ ಏನಾದ್ರೂ ಹುಡುಕು. ಬಾಡಿಗೆ ಅವನ ಖಾತೆಗೆ ಹೋಗ್ತಿತ್ತಾ?

ಒಂದು ನಿಷ್ಠುರದ ಮಾತು: ಕರಾರಿನ ಅವಧಿ ಮುಗಿಯೋಕೆ ಮುಂಚೆ ಬಿಟ್ಟಿದ್ರೆ, ಮನೆಗೆ ಇನ್ನೊಬ್ಬರು ಸಿಗಬಹುದಾದಷ್ಟು ಸಮಂಜಸ ಕಾಲದ ಬಾಡಿಗೆ ನಿನ್ನ ಮೇಲೆ ಬರಬಹುದು. ಮೂರು ತಿಂಗಳು ಪೂರ್ತಿ ಸುಳ್ಳು ಅಂತ ಹಟ ಹಿಡಿಯಬೇಡ. ಬಾಡಿಗೆ ವ್ಯಾಜ್ಯಕ್ಕೂ ಮೊದಲು ಮಧ್ಯಸ್ಥಿಕೆಗೆ ಹೋಗಲೇಬೇಕು, ಮೂರು ವಾರ, ಬೇಕಾದ್ರೆ ಇನ್ನೊಂದು. ಅಲ್ಲಿ ಆಗದಿದ್ರೆ ಸುಲ್ಹ್ ಕೋರ್ಟು. (ಕಾಕಾ, 'ಸುಲ್ಹ್' ಅಂದ್ರೆ ರಾಜಿ, ನಿಮಗೆ ಗೊತ್ತೇ ಇರುತ್ತೆ.)

ಇನ್ನು ಆ ಗುಂಡಿ. ಇಜ್ರಾ ಕಚೇರಿಯಲ್ಲಿ 'ಕಂತಿನಲ್ಲಿ ಕಟ್ಟುತ್ತೀನಿ ಅಂತ ಇಲ್ಲೊಂದು ಸಹಿ ಹಾಕಿ, ಖಾತೆ ಬಿಡಿಸ್ತೀವಿ' ಅಂದ್ರೆ ಹಾಕಬೇಡ. ಅದು 'ತಾಹ್ಹುತ್'. ಸಾಲಕ್ಕೆ ಜೈಲಿಲ್ಲ ಸರಿ, ಆ ಮಾತು ಮುರಿದದ್ದಕ್ಕೆ ಎದುರು ಪಕ್ಷ ದೂರು ಕೊಟ್ರೆ ಮೂರು ತಿಂಗಳವರೆಗೆ ಒಳಗೆ ಹಾಕಬಹುದು. ಕಚೇರಿಯ ಆದೇಶದಲ್ಲಿ ಆಸ್ತಿ ವಿವರ ಕೊಡಿ ಅಂತಲೂ ಇರುತ್ತೆ, ಅದನ್ನೂ ನಿರ್ಲಕ್ಷ್ಯ ಮಾಡಬೇಡ.

ಯೋಗ_ಅಂತಾಲ್ಯ (ಬುಧವಾರ, ಬೆಳಿಗ್ಗೆ 7:10)

ಮಧ್ಯೆ ಬಾಯಿ ಹಾಕ್ತಿದೀನಿ, ಕ್ಷಮಿಸಿ. ನಮ್ಮ ಯೋಗ ಕೇಂದ್ರದಲ್ಲಿ ಪಾಠ ಮಾಡೋ ಹುಡುಗಿಯ ಸಾಲಕ್ಕೆ ನನಗೆ ಕಾಗದ ಬಂದಿದೆ, 'ಅವಳಿಗೆ ನೀವು ಕೊಡಬೇಕಾದ ಹಣ ನಮಗೆ ಕೊಡಿ' ಅಂತ. ಅವಳ ಸಂಬಳ ಪೂರ್ತಿ ಚುಕ್ತಾ, ಬಾಕಿ ಏನಿಲ್ಲ. ಉತ್ತರ ಕೊಡಬೇಕಾ?

ಅಂಕಾರಾ_ಸೊಸೆ (ಬುಧವಾರ, ಬೆಳಿಗ್ಗೆ 8:00)

ಇವತ್ತೇ ಕೊಡಿ! ಅದು 89ನೇ ವಿಧಿಯ ಮೊದಲ ನೋಟಿಸು, ಏಳು ದಿನ. ಸುಮ್ಮನಿದ್ರೆ ಹಣ ನಿಮ್ಮ ಹತ್ತಿರ ಇದೆ ಅಂತಲೇ ಲೆಕ್ಕ. ಎರಡನೇದು ಬರುತ್ತೆ, ಮತ್ತೆ ಏಳು ದಿನ. ಮೂರನೇದಕ್ಕೆ ಹದಿನೈದು ದಿನ, ಆಗ ಒಂದೋ ಹಣ ಕಟ್ಟಬೇಕು, ಇಲ್ಲ ನೀವೂ ಮೆನ್ಫಿ ತೆಸ್ಪಿತ್ ಹಾಕಬೇಕು. ಕಂಡವರ ಸಾಲಕ್ಕೆ ನೀವು ದಾವೆ ಹೂಡೋ ಗತಿ ಬರುತ್ತೆ. ಈಗಾದ್ರೆ ಎರಡು ಸಾಲಿನ ಉತ್ತರದಲ್ಲಿ ಮುಗಿಯುತ್ತೆ.

ಕಡಿಕೊಯ್_ಮೈಸೂರು (ನಾಲ್ಕು ವಾರದ ನಂತರ, ಶುಕ್ರವಾರ, ಸಂಜೆ 6:45)

ಎಲ್ಲಿಗೆ ಬಂತು ಅಂತ ಹೇಳ್ತೀನಿ. ಅವತ್ತೇ ನುಫುಸ್‌ಗೆ ಹೋಗಿ ವಿಳಾಸ ಬದಲಾಯಿಸ್ದೆ, ಹತ್ತು ನಿಮಿಷದ ಕೆಲಸ! ವಕೀಲರ ಮೂಲಕ ಮಧ್ಯಸ್ಥಿಕೆಗೆ ಅರ್ಜಿ ಹಾಕಿ, ಹಣ ಮಾಲೀಕರಿಗೆ ಹೋಗದ ಹಾಗೆ ತಡೆಯಾಜ್ಞೆಗೂ ಕೇಳಿದ್ವಿ. 12,600 ಇಟ್ಟಿದ್ದೀನಿ.

ನಿನ್ನೆ ಮಧ್ಯಸ್ಥರ ಕಚೇರಿ. ಮಾಲೀಕರು, ಮಗ, ಇಬ್ಬರೂ ಬಂದಿದ್ರು. ಮೂರು ತಿಂಗಳು ಮನೆ ಖಾಲಿ ಬಿದ್ದಿತ್ತು, ಕೀಲಿ ಬಂದೇ ಇಲ್ಲ ಅಂತ ಶುರು ಮಾಡಿದ್ರು. ವಕೀಲರು ಏನೂ ಮಾತಾಡದೆ ನನ್ನ ಫೋನನ್ನ ಮೇಜಿನ ಮೇಲೆ ತಿರುಗಿಸಿ ಇಟ್ರು. ಮಾಲೀಕರು ಕನ್ನಡಕ ಹಾಕ್ಕೊಂಡು ಓದಿ, ಮಗನ ಮುಖ ನೋಡಿದ್ರು. ಮಗ ಚಹಾ ಲೋಟ ನೋಡ್ತಾ ಕೂತ. ಅಪ್ಪನಿಗೆ ನಿಜವಾಗಿಯೂ ಗೊತ್ತಿರಲಿಲ್ಲ ಅನ್ಸುತ್ತೆ.

ಕೊನೆಗೆ ಜೂನ್ ಒಂದು ತಿಂಗಳ ಬಾಡಿಗೆಗೆ ಬಂದು ನಿಂತಿದೆ, ಅಕ್ಕ ಹೇಳಿದ 'ಸಮಂಜಸ ಕಾಲ' ಅಂತ. ಡಿಪಾಸಿಟ್‌ನಲ್ಲೇ ಮುರಿದುಕೊಳ್ಳೋದು. ಸಹಿ ಆಗಿಲ್ಲ ಇನ್ನೂ.

ಧಾರವಾಡ_ವಕೀಲ (ಶುಕ್ರವಾರ, ರಾತ್ರಿ 10:30)

ಭೇಷ್! ಸಹಿ ಯಾಕ ಆಗಿಲ್ಲೋ ತಮ್ಮಾ?

ಕಡಿಕೊಯ್_ಮೈಸೂರು (ಶುಕ್ರವಾರ, ರಾತ್ರಿ 10:34)

ತಹ್ಸಿಲ್ ಹಾರ್ಜಿ ಯಾರು ಕಟ್ಟೋದು ಅಂತ, ಸರ್. ಅದಕ್ಕೇ ಸೋಮವಾರ ಇನ್ನೊಂದು ಸಭೆ.